ಟೈಗರ್ ಮಾತ್ ಕಿಟ್: ಅಂಟಿಗಿಂತ ಮೊದಲು ತೂತು, ರೆಕ್ಕೆಗಿಂತ ಮೊದಲು ಬಣ್ಣ

ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಎಂಬ ಬ್ರಿಟಿಷ್ ದ್ವಿರೆಕ್ಕೆ ತರಬೇತಿ ವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್‌ನ ಡಬ್ಬಿ ತೆರೆದಾಗ ಇಷ್ಟೇನಾ ಅನ್ನಿಸುತ್ತದೆ. ಎರಡು ಹೋಳಿನ ಒಡಲು, ರೆಕ್ಕೆಗಳು, ಒಂದು ಹಿಡಿ ಕಡ್ಡಿ, ಎರಡು ಚಕ್ರ. ಒಂದೇ ಸಂಜೆಗೆ ಮುಗಿಸುತ್ತೇವೆ ಅಂತ ಹೊರಟವರು ಮೇಲಿನ ರೆಕ್ಕೆ ಅಂಟಿಸಿ, ಆಮೇಲೆ ಕುಂಚ ಎತ್ತಿಕೊಳ್ಳುತ್ತಾರೆ. ಎರಡು ರೆಕ್ಕೆಗಳ ನಡುವೆ ಕುಂಚ ಸರಿಯಾಗಿ ಹೋಗುವುದಿಲ್ಲ, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಹಿಡಿದ ಚಿಮಟ ತಿರುಗುವುದಿಲ್ಲ, ರೆಕ್ಕೆಗಳನ್ನು ಬಿಗಿಹಿಡಿಯುವ ತಂತಿ ಕೂರಿಸಲು ತೂತು ಹಾಕೋಣವೆಂದರೆ ಡ್ರಿಲ್ ನೆಟ್ಟಗೆ ನಿಲ್ಲುವುದೇ ಇಲ್ಲ. ಕೈ ಪಳಗಿದವರೂ ಈ ಕಿಟ್‌ನಲ್ಲಿ ಎಡವುವುದು ಕೆಲಸದ ಸರದಿ ತಪ್ಪಿದಾಗಲೇ. ಹಾಗಾಗಿ ಇಲ್ಲಿ ಹೇಳುವ ಕ್ರಮ ಕಿಟ್‌ನ ಸೂಚನಾ ಹಾಳೆಯ ಕ್ರಮಕ್ಕಿಂತ ಬೇರೆ. ಹಾಳೆಯಲ್ಲಿ ಯಾವ ಭಾಗ ಎಲ್ಲಿ ಕೂರುತ್ತದೆ ಅಂತ ನೋಡಿ. ಯಾವುದನ್ನು ಯಾವಾಗ ಅಂಟಿಸಬೇಕು ಎನ್ನುವುದಕ್ಕೆ ಮಾತ್ರ ಅದನ್ನು ನಂಬಬೇಡಿ.

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ

ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು, ಲಂಡನ್ನಿನ ಸ್ಟ್ಯಾಗ್ ಲೇನ್ ವಿಮಾನ ನಿಲ್ದಾಣದಿಂದ. ಎರಡನೇ ಮಹಾಯುದ್ಧದ ಉದ್ದಕ್ಕೂ ಬ್ರಿಟಿಷ್ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆಗಳಲ್ಲಿ ಹೊಸ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಹೆಚ್ಚಾಗಿ ಇದರಲ್ಲೇ. ಆ ಶಾಲೆಗಳಲ್ಲಿ ಹಾರಿದ್ದು ಡಿಎಚ್ 82ಎ ಮಾದರಿ; ಮೂತಿಯಲ್ಲಿ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್, ನಾಲ್ಕು ಸಿಲಿಂಡರ್ ತಲೆಕೆಳಗಾಗಿ ಕೂತದ್ದು. ಹ್ಯಾಟ್‌ಫೀಲ್ಡ್‌ನಲ್ಲಿ ನಡೆಯುತ್ತಿದ್ದ ತಯಾರಿಕೆಯನ್ನು ಯುದ್ಧದ ನಡುವೆ ಕೌಲಿಯ ಮೋರಿಸ್ ಮೋಟರ್ಸ್ ಕಾರ್ಖಾನೆಗೆ ವರ್ಗಾಯಿಸಿದರು, ಹ್ಯಾಟ್‌ಫೀಲ್ಡ್ ಮಸ್ಕಿಟೊ ಯುದ್ಧವಿಮಾನದ ಕೆಲಸಕ್ಕೆ ಬೇಕಿತ್ತು.

ಈ ಇತಿಹಾಸದಲ್ಲಿ ಮಾದರಿ ಕಟ್ಟುವವರಿಗೆ ಬೇಕಾದದ್ದು ಮೂರು ವಿಷಯ.

ಒಂದು, ಬಾಲದ ಬುಡದ ಪಟ್ಟಿ. ಸುಮಾರು 1942ರ ಹೊತ್ತಿಗೆ ಹಿಂಬದಿಯ ಒಡಲಿನ ಮೇಲೆ, ಅಡ್ಡಬಾಲದ ಮುಂದೆ, ಎರಡೂ ಕಡೆ ಒಂದೊಂದು ಉದ್ದನೆಯ ತೆಳು ಪಟ್ಟಿ ಸೇರಿಸಿದರು. ವಿಮಾನ ಗಿರಕಿಗೆ ಬಿದ್ದಾಗ ಹೊರಗೆ ಬರಲು ಸುಲಭವಾಗಲಿ ಅಂತ. 1940ರ ವಿಮಾನ ಕಟ್ಟುವುದಾದರೆ ಆ ಪಟ್ಟಿ ಇರಬಾರದು, 1943ರದ್ದಾದರೆ ಇರಬೇಕು. ಕಿಟ್‌ನಲ್ಲಿ ಕೊಟ್ಟಿಲ್ಲದಿದ್ದರೆ 0.25 ಮಿಮೀ ಪ್ಲಾಸ್ಟಿಕ್ ಹಾಳೆಯಿಂದ ಫೋಟೊ ನೋಡಿ ಕತ್ತರಿಸಬಹುದು, ಹತ್ತು ನಿಮಿಷದ ಕೆಲಸ.

ಎರಡು, ಒಡಲಿನ ಪಕ್ಕದ ರೌಂಡೆಲ್, ಅಂದರೆ ವಾಯುಪಡೆಯ ಬಣ್ಣದ ಉಂಗುರಗಳ ಗುರುತು. 1942ರ ಮೇ ತನಕ ಎ1 ಮಾದರಿ: ಕೆಂಪು, ಬಿಳಿ, ನೀಲಿ, ಹೊರಗೆ ದಪ್ಪ ಹಳದಿ ಉಂಗುರ. ಆಮೇಲೆ ಸಿ1: ಬಿಳಿಯೂ ಹಳದಿಯೂ ತೆಳುವಾದ ಗೆರೆಯಂತೆ. ಡೆಕಾಲ್ ಹಾಳೆಯಲ್ಲಿ ಎರಡೂ ಇದ್ದರೆ ಒಂದು ವಿಮಾನದ ಸಂಖ್ಯೆಗೆ ಇನ್ನೊಂದರ ರೌಂಡೆಲ್ ಹಾಕಿಬಿಡುವುದು ಸುಲಭ.

ಮೂರು, ಫೋಟೊ. ಅಂತರ್ಜಾಲದಲ್ಲಿ ಸಿಗುವ ಟೈಗರ್ ಮಾತ್ ಚಿತ್ರಗಳಲ್ಲಿ ಬಹುಪಾಲು ಈಗಲೂ ಹಾರುತ್ತಿರುವ ಖಾಸಗಿ ವಿಮಾನಗಳದ್ದು. ರೇಡಿಯೊ ಆಂಟೆನಾ, ಹೊಸ ಸೀಟುಬೆಲ್ಟ್, ಬಾಲಚಕ್ರ, ಫಳಫಳ ಹೊಳೆಯುವ ಬಣ್ಣ ಇವೆಲ್ಲ ಯುದ್ಧಕಾಲದವಲ್ಲ. ಬ್ರಿಟಿಷ್ ತರಬೇತಿ ವಿಮಾನಕ್ಕೆ ಬ್ರೇಕ್ ಇರಲಿಲ್ಲ, ಬಾಲದಡಿ ಚಕ್ರದ ಬದಲು ನೆಲಕ್ಕೆ ಉಜ್ಜುವ ಒಂದು ಸ್ಕಿಡ್ ಇತ್ತು. ಕಾಕ್‌ಪಿಟ್ ಮೇಲೆ ಮುಚ್ಚಿದ ಗಾಜಿನ ಮೇಲ್ಕಟ್ಟು ಕಂಡರೆ ಅದು ಕೆನಡಾದ ಡಿಎಚ್ 82ಸಿ. ಅದರ ಫೋಟೊ ನೋಡಿಕೊಂಡು ಬ್ರಿಟಿಷ್ ವಿಮಾನ ಕಟ್ಟಬೇಡಿ.

ಯಾವ ಅಳತೆ

ನಿಜ ವಿಮಾನದ ರೆಕ್ಕೆಯ ಹರವು 29 ಅಡಿ 4 ಇಂಚು, ಉದ್ದ 23 ಅಡಿ 11 ಇಂಚು. 1/72ರಲ್ಲಿ (ನಿಜದ 72ರಲ್ಲೊಂದು ಪಾಲು) ಹರವು ಸುಮಾರು 124 ಮಿಮೀ, ಉದ್ದ 101 ಮಿಮೀ, ಅಂಗೈಯಲ್ಲಿ ಕೂರುತ್ತದೆ. 1/48ರಲ್ಲಿ 186 ಮತ್ತು 152 ಮಿಮೀ. ಈ ಎರಡು ಅಳತೆಯಲ್ಲೂ ಏರ್‌ಫಿಕ್ಸ್ ಕಿಟ್‌ಗಳಿವೆ. 1/72ರದ್ದು 2014ರ ಹೊಸ ಅಚ್ಚು. 1/32ರಲ್ಲಿ ಹಳೆಯ ಮ್ಯಾಚ್‌ಬಾಕ್ಸ್ ಅಚ್ಚೂ ಇದೆ, ಐಸಿಎಂನ ಹೊಸದೂ ಇದೆ. ಮೊದಲ ಬಾರಿ ದ್ವಿರೆಕ್ಕೆ ವಿಮಾನ ಕಟ್ಟುವವರಿಗೆ 1/48 ಒಳ್ಳೆಯದು. ಸ್ಟ್ರಟ್‌ಗಳು (ಮೇಲಿನ ರೆಕ್ಕೆಯನ್ನು ಹೊರುವ ಕಂಬಗಳು) ಕೈಯಲ್ಲಿ ನಿಲ್ಲುತ್ತವೆ, ತೂತು ಹಾಕಲು ಜಾಗ ಇರುತ್ತದೆ. 1/72 ಅಗ್ಗವಾದರೂ ಸುಲಭವಲ್ಲ.

ಮೇಜಿನ ಮೇಲೆ ಬೇಕಾದದ್ದು

ಸ್ಪ್ರೂ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸುವ ತೆಳು ಬಾಯಿಯ ಕಟರ್, ಹೊಸ ಬ್ಲೇಡ್ ಇರುವ ಚಾಕು, 400, 600 ಮತ್ತು 1000 ನಂಬರಿನ ಉಪ್ಪುಕಾಗದ, ಚೂಪು ಚಿಮಟ ಎರಡು, ಪಿನ್ ವೈಸ್ (ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್ ಹಿಡಿ) ಮತ್ತು 0.3 ಮಿಮೀ ಡ್ರಿಲ್ ಬಿಟ್ ಕನಿಷ್ಠ ಮೂರು (ಎರಡಾದರೂ ಮುರಿಯುತ್ತವೆ), ತೆಳು ದ್ರವರೂಪದ ಪ್ಲಾಸ್ಟಿಕ್ ಅಂಟು, ಸ್ಟ್ರಟ್‌ಗೆ ನಿಧಾನ ಒಣಗುವ ಪ್ಲಾಸ್ಟಿಕ್ ಅಂಟು, ಮಧ್ಯಮ ದಪ್ಪದ ಸೂಪರ್‌ಗ್ಲೂ, ಗಾಜಿನ ಭಾಗಗಳಿಗೆ ಬಿಳಿ ಪಿವಿಎ ಅಂಟು. ತಂತಿಗೆ ಹಿಗ್ಗುವ ಲೈಕ್ರಾ ಎಳೆ: 1/72ಕ್ಕೆ 40 ಡೆನಿಯರ್ ದಪ್ಪದ್ದು, 1/48ಕ್ಕೆ 70. ಇಷ್ಟರ ಜೊತೆಗೆ ಒಂದು ತುಂಡು ದಪ್ಪ ಕಾರ್ಡ್‌ಬೋರ್ಡ್ ಇಟ್ಟುಕೊಳ್ಳಿ. ರೆಕ್ಕೆ ಕೂರಿಸುವಾಗ ಅದೇ ನಿಮ್ಮ ಮೂರನೇ ಕೈ.

ತೂತು ಈಗಲೇ

ಸ್ಪ್ರೂಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಹಳದಿ ಬಣ್ಣ ಅಲ್ಲಲ್ಲಿ ಕಣ್ಣುಬಿಟ್ಟಂತೆ ಸರಿದುಕೊಳ್ಳುತ್ತದೆ, ಆಮೇಲೆ ಎಷ್ಟು ಕೋಟು ಹೊಡೆದರೂ ಮುಚ್ಚುವುದಿಲ್ಲ.

ರೆಕ್ಕೆಗಳನ್ನು ಕತ್ತರಿಸಿ ಅಂಚು ಸವರಿದ ಕೂಡಲೇ, ಬೇರೆ ಏನನ್ನೂ ಅಂಟಿಸುವ ಮೊದಲು, ತಂತಿಯ ತೂತುಗಳನ್ನು ಹಾಕಿ. ಇದಕ್ಕೆ ರಿಗ್ಗಿಂಗ್ ಚಿತ್ರವನ್ನು (ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸುವುದು) ಒಮ್ಮೆ ಅರ್ಥಮಾಡಿಕೊಳ್ಳಬೇಕು. ಒಡಲಿನ ಕೆಳಬದಿಯಿಂದ ಹೊರಗಿನ ಸ್ಟ್ರಟ್‌ನ ತಲೆಗೆ ಓಡುವುದು ಹಾರುವ ತಂತಿ. ಗಾಳಿಯಲ್ಲಿ ರೆಕ್ಕೆ ಮೇಲಕ್ಕೆ ಎಳೆಯುವಾಗ ತಡೆದು ಹಿಡಿಯುವುದು ಇದು. ಮೇಲಿನ ರೆಕ್ಕೆಯ ಮಧ್ಯಭಾಗದಿಂದ ಅದೇ ಸ್ಟ್ರಟ್‌ನ ಬುಡಕ್ಕೆ ಇಳಿಯುವುದು ಇಳಿಯುವ ತಂತಿ; ವಿಮಾನ ನೆಲದ ಮೇಲಿರುವಾಗ ರೆಕ್ಕೆಯ ಭಾರ ಹೊರುವುದು ಇದು. ಇವೆರಡೂ ಒಂದನ್ನೊಂದು ಅಡ್ಡ ದಾಟುತ್ತವೆ. ಈ ಲೆಕ್ಕ ತಲೆಯಲ್ಲಿದ್ದರೆ ಚಿತ್ರದ ಗೆರೆಗಳ ಗೋಜಲು ಬಿಡುತ್ತದೆ, ಒಂದು ತಂತಿ ಬಿಟ್ಟುಹೋದರೆ ಕಣ್ಣಿಗೆ ಬೀಳುತ್ತದೆ. ಚಿತ್ರದಲ್ಲಿ ಜೋಡಿ ಎಳೆ ತೋರಿಸಿದ್ದರೆ ಜೋಡಿಯೇ ಹಾಕಿ. ಅದಕ್ಕೆ ತೂತೂ ಎರಡು.

ತೂತು ಹಾಕುವುದು ಹೀಗೆ. ಸ್ಟ್ರಟ್ ಕೂರುವ ಗುಳಿಯ ಪಕ್ಕ, ಅದರ ಅಂಚಿನಿಂದ ಅರ್ಧ ಮಿಮೀ ದೂರದಲ್ಲಿ, ಸೂಜಿಯ ತುದಿಯಿಂದ ಚುಕ್ಕೆ ಒತ್ತಿ. ಚುಕ್ಕೆ ಒತ್ತದೆ ಡ್ರಿಲ್ ಇಟ್ಟರೆ ಬಿಟ್ ಜಾರಿ ರೆಕ್ಕೆಯ ಮೇಲೆ ಗೀರು ಬೀಳುತ್ತದೆ. ಪಿನ್ ವೈಸನ್ನು ತಂತಿ ಹೋಗುವ ದಿಕ್ಕಿಗೆ ವಾಲಿಸಿ, ಒತ್ತದೆ, ಬೆರಳ ತುದಿಯಲ್ಲಿ ತಿರುಗಿಸಿ. ನಾಲ್ಕು ಸುತ್ತು ತಿರುಗಿಸಿ, ಹೊರಗೆಳೆದು ಹುಡಿ ಊದಿ, ಮತ್ತೆ ನಾಲ್ಕು ಸುತ್ತು. 1/72ರಲ್ಲಿ ರೆಕ್ಕೆ ತೆಳು, ಆಳ 0.7 ಮಿಮೀ ಸಾಕು. ಬಿಟ್‌ಗೆ ತುದಿಯಿಂದ ಅಷ್ಟು ದೂರದಲ್ಲಿ ಮಾಸ್ಕಿಂಗ್ ಟೇಪಿನ ಸಣ್ಣ ಬಾವುಟ ಸುತ್ತಿದರೆ ಆಚೆ ಬದಿಗೆ ತೂತು ಬೀಳುವ ಭಯವಿಲ್ಲ. 1/48ರಲ್ಲಿ 1 ಮಿಮೀ ತನಕ ಹೋಗಬಹುದು.

ಕೆಲವರು ತೂತನ್ನು ರೆಕ್ಕೆಯ ಆಚೆಗೂ ತೂರಿಸಿ, ನೈಲಾನ್ ಎಳೆಯನ್ನು ಪೋಣಿಸಿ ಎಳೆದು ಬಿಗಿಮಾಡುತ್ತಾರೆ. ಬಿಗಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಕೊನೆಯಲ್ಲಿ ಮೇಲಿನ ರೆಕ್ಕೆಯ ನೆತ್ತಿಯ ಮೇಲೆ ಅಷ್ಟೂ ತೂತು ಮುಚ್ಚಿ, ಉಜ್ಜಿ, ಬಣ್ಣ ತೇಪೆ ಹಾಕಬೇಕು, ಅದೂ ಎಲ್ಲರ ಕಣ್ಣು ಮೊದಲು ಬೀಳುವ ಜಾಗದಲ್ಲಿ. ನೈಲಾನನ್ನು ಸ್ವಲ್ಪ ಹೆಚ್ಚು ಎಳೆದರೆ ರೆಕ್ಕೆಯೇ ಸೊಟ್ಟಗಾಗುತ್ತದೆ. ಲೈಕ್ರಾ ಸಿಗುವಾಗ ಈ ತಾಪತ್ರಯ ಯಾಕೆ?

ಕಾಕ್‌ಪಿಟ್ ಮತ್ತು ಒಡಲು

ಕಾಕ್‌ಪಿಟ್ ಎರಡು, ಎರಡೂ ತೆರೆದವು. ಒಳಗೋಡೆಗೆ ವಾಯುಪಡೆಯ ಬೂದು ಹಸಿರು (ಹಂಬ್ರಾಲ್ ಕಂಪನಿಯ 78ನೇ ನಂಬರಿನ ಬಣ್ಣ ಹತ್ತಿರದ್ದು), ಸಲಕರಣೆ ಫಲಕಕ್ಕೆ ಕಪ್ಪು. 1/72ರಲ್ಲಿ ಫಲಕದ ಡೆಕಾಲ್ ಹಾಕಿ ಅದರ ಮೇಲೆ ಹೊಳಪು ವಾರ್ನಿಷ್‌ನ ಒಂದೊಂದು ಹನಿ ಇಟ್ಟರೆ ಗಾಜಿನಂತೆ ಕಾಣುತ್ತದೆ. ಸೀಟಿಗೆ ಟೇಪಿನ ಸಣ್ಣ ಪಟ್ಟಿಯಿಂದ ನಾಲ್ಕೆಳೆಯ ಸಟನ್ ಬೆಲ್ಟ್ ಮಾಡಿ. ತೆರೆದ ಕಾಕ್‌ಪಿಟ್‌ನಲ್ಲಿ ಬರಿಯ ಸೀಟು ಖಾಲಿ ಖಾಲಿ ಕಾಣುತ್ತದೆ. ಪೈಲಟ್ ಗೊಂಬೆ ಒಂದೇ ಕೂರಿಸುವುದಾದರೆ ಹಿಂದಿನ ಸೀಟಿನಲ್ಲಿ ಕೂರಿಸಿ. ಬೋಧಕ ಮುಂದೆ, ಶಿಷ್ಯ ಹಿಂದೆ. ಒಬ್ಬನೇ ಹಾರುವಾಗಲೂ ಹಿಂದಿನ ಸೀಟಿನಿಂದಲೇ.

ಒಡಲಿನ ಎರಡು ಹೋಳು ಸೇರಿಸುವ ಮೊದಲು ಒಳಗಿನ ನೆಲ ಮತ್ತು ಫಲಕಗಳನ್ನು ಅಂಟಿಲ್ಲದೆ ಇಟ್ಟು ನೋಡಿ. ನೆಲ ಕಾಲು ಮಿಮೀ ಅಗಲವಾದರೂ ಕೆಳಗಿನ ಸೀಳು ಬಾಯಿ ಬಿಡುತ್ತದೆ, ಆಮೇಲೆ ಕೆಳರೆಕ್ಕೆಯ ಬುಡವೂ ಕೂರುವುದಿಲ್ಲ. ಅಡಚುವ ಭಾಗವನ್ನು ಉಜ್ಜಿ ಸಣ್ಣದು ಮಾಡಿ; ಒಡಲನ್ನು ಬಲವಂತವಾಗಿ ಒತ್ತಿ ಅಂಟಿಸಬೇಡಿ. ಮೂತಿಯೊಳಗೆ ತೂಕ ತುಂಬುವ ಕೆಲಸವಿಲ್ಲ, ಬಾಲ ಊರಿ ನಿಲ್ಲುವ ವಿಮಾನ ಇದು.

ಸೀಳು ಉಜ್ಜುವಾಗ ಒಂದು ಎಚ್ಚರಿಕೆ. ಎಂಜಿನ್ ಕವಚ ಲೋಹದ ತಗಡು. ಹಿಂದಿನ ಒಡಲು ಉಕ್ಕಿನ ಕೊಳವೆಯ ಚೌಕಟ್ಟಿಗೆ ಹೆಚ್ಚಾಗಿ ಬಟ್ಟೆ ಹೊದಿಸಿದ್ದು, ರೆಕ್ಕೆ ಮರದ ಎಲುಬಿಗೆ ಬಟ್ಟೆ. ಬಟ್ಟೆಯಡಿಯ ಎಲುಬಿನ ಉಬ್ಬನ್ನು ಕಿಟ್‌ನವರು ಬಹಳ ಹಗುರವಾಗಿ ಅಚ್ಚೊತ್ತಿರುತ್ತಾರೆ. 400ರ ಕಾಗದದ ನಾಲ್ಕು ಎಳೆತಕ್ಕೆ ಅದು ಮಾಯ. ಸೀಳಿನ ಎರಡೂ ಬದಿಗೆ ಟೇಪ್ ಹಚ್ಚಿ, ನಡುವಿನ ಗೆರೆ ಮಾತ್ರ ಉಜ್ಜಿ.

ಕೆಳಗಿನ ರೆಕ್ಕೆ, ಅಡ್ಡಬಾಲ, ನೆಟ್ಟಬಾಲ ಈಗ ಅಂಟಿಸಬಹುದು. ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ: ಎಡ ಬಲ ರೆಕ್ಕೆ ತುದಿಗಳು ಮೇಜಿನಿಂದ ಒಂದೇ ಎತ್ತರದಲ್ಲಿರಬೇಕು. ಚುಕ್ಕಾಣಿಯ ಬುಡದಿಂದ ಪ್ರತಿ ರೆಕ್ಕೆ ತುದಿಗೆ ದಾರ ಹಿಡಿದು ಅಳೆಯಿರಿ. ಅರ್ಧ ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂಟು ಒಣಗುವ ಮೊದಲೇ ತಿದ್ದಿ. ಈಗ ಬಿಟ್ಟ ತಪ್ಪು ಮೇಲಿನ ರೆಕ್ಕೆ ಬಂದಾಗ ಎರಡರಷ್ಟಾಗಿ ಕಾಣುತ್ತದೆ.

ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಚಿನ ಚಲಿಸುವ ಹಲಗೆ) ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಅವನ್ನು ಕತ್ತರಿಸಿ ಓರೆಯಾಗಿ ಅಂಟಿಸುವ ಆಸೆ ಇದ್ದರೆ, ಮೇಲೇಳುವುದನ್ನು ಚೆನ್ನಾಗಿ ಎತ್ತಿ, ಕೆಳಗಿಳಿಯುವುದನ್ನು ಹೆಚ್ಚುಕಡಿಮೆ ಸಮವಾಗಿಯೇ ಬಿಡಿ. ಟೈಗರ್ ಮಾತ್‌ನ ಏಲೆರಾನ್ ಜೋಡಣೆಯೇ ಹಾಗೆ, ಕೆಳಗಿಳಿಯುವ ಕಡೆ ಚಲನೆ ತೀರಾ ಕಡಿಮೆ. ಎರಡನ್ನೂ ಸಮಸಮ ಬಾಗಿಸಿದ ಮಾದರಿ ಕಂಡರೆ ವಿಮಾನ ಬಲ್ಲವರು ಒಳಗೊಳಗೇ ನಗುತ್ತಾರೆ.

ಹಳದಿ ಎಂಬ ತಲೆನೋವು

ಈಗ ನಿಮ್ಮ ಮುಂದೆ ಮೂರು ಗುಂಪು ಇರಬೇಕು: ಕೆಳರೆಕ್ಕೆ ಕೂಡಿದ ಒಡಲು, ಬಿಡಿಯಾದ ಮೇಲಿನ ರೆಕ್ಕೆ, ಸ್ಪ್ರೂನಲ್ಲೇ ಇರುವ ಸ್ಟ್ರಟ್ ಮತ್ತು ಚಕ್ರದ ಕಾಲುಗಳು. ಮೂರಕ್ಕೂ ಈಗಲೇ ಬಣ್ಣ. ಸ್ಟ್ರಟ್ ಕೂರುವ ಗುಳಿಗಳಿಗೆ ಒದ್ದೆ ಟಿಶ್ಯೂವಿನ ಚೂರು ತುರುಕಿ ಮುಚ್ಚಿ. ಬಣ್ಣದ ಮೇಲೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ. ತಂತಿಯ ತೂತುಗಳನ್ನು ಹಾಗೇ ಬಿಡಿ, ಬಣ್ಣ ಒಣಗಿದ ಮೇಲೆ ಸೂಜಿಯಿಂದ ಒಮ್ಮೆ ಚುಚ್ಚಿ ತೆರೆದರಾಯಿತು.

ಯುದ್ಧಕ್ಕೆ ಮುಂಚಿನ ತರಬೇತಿ ವಿಮಾನ ಪೂರ್ತಿ ಹಳದಿ. ಯುದ್ಧ ಬಂದ ಮೇಲೆ ಮೇಲ್ಬದಿಗೆ ಕಂದು ಹಸಿರು ಮರೆಬಣ್ಣ ಬಂತು, ಕೆಳಬದಿ ಹಳದಿಯಾಗಿಯೇ ಉಳಿಯಿತು. ಅಂದರೆ ಯಾವ ವರ್ಷ ಆಯ್ದುಕೊಂಡರೂ ಹಳದಿಯಿಂದ ಪಾರಿಲ್ಲ.

ಹಳದಿ ಮುಚ್ಚುವ ಬಣ್ಣವಲ್ಲ. ಬೂದು ಪ್ಲಾಸ್ಟಿಕ್ ಮೇಲೆ ನೇರವಾಗಿ ಹೊಡೆದರೆ ಹಸಿರು ಛಾಯೆ ಬರುತ್ತದೆ. ಅದನ್ನು ಮುಚ್ಚಲು ದಪ್ಪ ಕೋಟು ಹಾಕಿದರೆ ಎಲುಬಿನ ಗುರುತು ಹೂತುಹೋಗುತ್ತದೆ. ಮೊದಲು ಬಿಳಿ ಪ್ರೈಮರ್ (ಅಡಿಬಣ್ಣ) ಹೊಡೆದು ಒಂದು ರಾತ್ರಿ ಬಿಡಿ. ಇನ್ನೂ ಚೆನ್ನಾಗಿ ಬರಬೇಕೆಂದರೆ ಬಿಳಿಗೆ ಚಿಟಿಕೆ ಕೆಂಪು ಬೆರೆಸಿದ ತೆಳು ಗುಲಾಬಿ ಬಣ್ಣ ಅಡಿಗೆ. ಗುಲಾಬಿಯ ಮೇಲೆ ಹಳದಿ ಬೇಗ ತುಂಬಿಕೊಳ್ಳುತ್ತದೆ, ನಿಂಬೆ ಹಳದಿಯಾಗದೆ ಬೆಚ್ಚಗೆ ಕಾಣುತ್ತದೆ. ಆಮೇಲೆ ಹಳದಿ (ಹಂಬ್ರಾಲ್ 24, ಹೆಸರೇ ಟ್ರೇನರ್ ಯೆಲ್ಲೊ) ನಾಲ್ಕೈದು ತೆಳು ಕೋಟು. ಕುಂಚದಲ್ಲಿ ಹಚ್ಚುವವರು ಒಂದು ಕೋಟು ರೆಕ್ಕೆಯ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಎಳೆಯಿರಿ. ಎರಡನೇ ಕೋಟಿನ ಹೊತ್ತಿಗೆ ನೋಡಲು ಅಸಹ್ಯವಾಗಿರುತ್ತದೆ, ಮುಗಿಯಿತು ಕಥೆ ಅನ್ನಿಸುತ್ತದೆ. ಅಲ್ಲಿ ಧೈರ್ಯಗೆಟ್ಟು ದಪ್ಪ ಬಣ್ಣ ಸುರಿಯಬೇಡಿ. ನಾಲ್ಕನೆಯದಕ್ಕೆ ಸರಿಹೋಗುತ್ತದೆ.

ಮರೆಬಣ್ಣದಲ್ಲಿ ಒಂದು ಸೊಗಸಾದ ಸೂಕ್ಷ್ಮ ಇದೆ. ದ್ವಿರೆಕ್ಕೆ ವಿಮಾನದಲ್ಲಿ ಮೇಲಿನ ರೆಕ್ಕೆಯ ನೆರಳು ಕೆಳಗಿನದರ ಮೇಲೆ ಬೀಳುತ್ತದೆ. ಎರಡಕ್ಕೂ ಒಂದೇ ಬಣ್ಣ ಬಳಿದರೆ ಆಕಾಶದಿಂದ ನೋಡುವವರಿಗೆ ಕೆಳಗಿನದು ಗಾಢ ಪಟ್ಟೆಯಾಗಿ ಕಾಣುತ್ತದೆ, ವಿಮಾನದ ಆಕಾರ ಬಯಲಾಗುತ್ತದೆ. ಅದಕ್ಕೇ ಮೇಲಿನ ರೆಕ್ಕೆಗೆ ಗಾಢ ಕಂದು, ಗಾಢ ಹಸಿರು. ಕೆಳಗಿನ ರೆಕ್ಕೆಯ ಮೇಲ್ಮೈಗೆ ತಿಳಿ ಕಂದು, ತಿಳಿ ಹಸಿರು. ಗಾಢ ಕಂದಿಗೆ ಹಂಬ್ರಾಲ್ 29, ಗಾಢ ಹಸಿರಿಗೆ 163 ಆದೀತು. ತಿಳಿ ಬಣ್ಣದ ಡಬ್ಬಿ ಸಿಗದಿದ್ದರೆ ಗಾಢ ಕಂದಿಗೆ ಮರಳು ಬಣ್ಣವನ್ನೂ, ಗಾಢ ಹಸಿರಿಗೆ ಹಳದಿ ಮಿಶ್ರಿತ ತಿಳಿ ಹಸಿರನ್ನೂ ಎರಡಕ್ಕೊಂದರಂತೆ ಬೆರೆಸಿ ಹಾಳಾದ ಸ್ಪ್ರೂ ಮೇಲೆ ಹಚ್ಚಿ ನೋಡಿ. ಬಿಳಿ ಬೆರೆಸಿದರೆ ಸುಣ್ಣದ ಬಣ್ಣ ಬರುತ್ತದೆ, ಬೇಡ. ಎಲ್ಲ ವಿಮಾನಕ್ಕೂ ಎಲ್ಲ ಕಾಲಕ್ಕೂ ಈ ನಾಲ್ಕು ಬಣ್ಣ ಇತ್ತೆಂದಲ್ಲ. ನೀವು ಆಯ್ದುಕೊಂಡ ವಿಮಾನದ ಬಣ್ಣದ ಹಾಳೆಯೂ ಫೋಟೊವೂ ಏನು ಹೇಳುತ್ತವೆ ನೋಡಿ.

ಸರದಿ: ಹಳದಿ, ಮಾಸ್ಕಿಂಗ್ (ಬಣ್ಣ ತಾಗಬಾರದ ಕಡೆ ಟೇಪ್ ಹಚ್ಚುವುದು), ಕಂದು, ಮತ್ತೆ ಮಾಸ್ಕಿಂಗ್, ಹಸಿರು. ತಿಳಿಯಿಂದ ಗಾಢಕ್ಕೆ. ಟೇಪಿನ ಅಂಚಿಗೆ ಮೊದಲು ಹಳದಿಯನ್ನೇ ಇನ್ನೊಮ್ಮೆ ಹೊಡೆದು ಮುಚ್ಚಿ, ಆಮೇಲೆ ಕಂದು ಹೊಡೆಯಿರಿ. ಟೇಪಿನಡಿಗೆ ನುಸುಳುವುದು ಹಳದಿಯೇ ಆದ್ದರಿಂದ ಗೆರೆ ಚೊಕ್ಕವಾಗಿ ಬರುತ್ತದೆ.

ಡೆಕಾಲ್‌ಗಳೂ ಈಗಲೇ. ಹೊಳಪು ವಾರ್ನಿಷ್ ಕೋಟು, ಒಣಗಿದ ಮೇಲೆ ಡೆಕಾಲ್, ಅದರ ಮೇಲೆ ಮೆದುಮಾಡುವ ದ್ರವ. ರೌಂಡೆಲ್ ಎಲುಬಿನ ಉಬ್ಬಿನ ಮೇಲೆ ಕೂರಬೇಕು. ದ್ರವ ಹಾಕಿದ ಮೇಲೆ ಸುಕ್ಕುಗಟ್ಟಿ ಗಾಬರಿ ಹುಟ್ಟಿಸುತ್ತದೆ, ಮುಟ್ಟದೆ ಬಿಟ್ಟರೆ ತಾನೇ ಎಳೆದುಕೊಳ್ಳುತ್ತದೆ. ಕೆಳಗಿನ ರೆಕ್ಕೆಯ ಮೇಲ್ಮೈಯನ್ನೂ, ಮೇಲಿನ ರೆಕ್ಕೆಯ ಅಡಿಯನ್ನೂ ಇನ್ನೊಮ್ಮೆ ನೋಡಿಬಿಡಿ. ಇನ್ನು ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಬಟ್ಟೆಯ ಮೇಲೆ ಕಪ್ಪು ವಾಶ್ (ಸಂದುಗಳಿಗೆ ಇಳಿಸುವ ನೀರುನೀರು ಬಣ್ಣ) ಓಡಿಸುವ ಚಟವನ್ನು ಈ ಒಂದು ಮಾದರಿಯ ಮಟ್ಟಿಗೆ ಬಿಡಿ. ತಗಡಿನ ಸಂದುಗಳು ಇರುವುದು ಎಂಜಿನ್ ಕವಚದಲ್ಲಿ. ಅಲ್ಲಿ ಕಂದು ಮಿಶ್ರಿತ ವಾಶ್ ಚೆಂದ. ರೆಕ್ಕೆಯಲ್ಲಿ ಸಂದು ಅಂದರೆ ಏಲೆರಾನ್‌ನ ಕೀಲು ಮತ್ತು ಮೇಲಿನ ರೆಕ್ಕೆಯ ಮುಂಚೂಣಿಯ ಸ್ಲಾಟ್, ಅಷ್ಟೆ. ಹಳದಿಯ ಮೇಲೆ ಕಪ್ಪು ಗೆರೆ ಎಳೆದರೆ ವಿಮಾನ ಜೇನುಹುಳದ ಥರ ಕಾಣುತ್ತದೆ.

ಮೇಲಿನ ರೆಕ್ಕೆ

ಎಲ್ಲರೂ ಹೆದರುವ ಘಟ್ಟ ಇದು. ಹೆದರಿಕೆಗೆ ಕಾರಣ ವಿಮಾನದ ವಿನ್ಯಾಸದಲ್ಲೇ ಇದೆ. ಹಿಂದಿನ ಮಾತ್ ವಿಮಾನಗಳಲ್ಲಿ ಮುಂದಿನ ಸೀಟಿನ ನೇರ ಮೇಲೆ ರೆಕ್ಕೆಯ ಮಧ್ಯಭಾಗವೂ ಇಂಧನ ಟ್ಯಾಂಕೂ ಇದ್ದವು. ಪ್ಯಾರಾಶೂಟ್ ಕಟ್ಟಿಕೊಂಡ ಬೋಧಕ ಅಲ್ಲಿಂದ ಹಾರಿಕೊಳ್ಳುವುದು ಕಷ್ಟ. ಹಾಗಾಗಿ ಮಧ್ಯಭಾಗವನ್ನು ಮುಂದಕ್ಕೆ ಸರಿಸಿದರು. ಅದರಿಂದ ತಪ್ಪಿದ ತೂಕದ ಸಮತೋಲವನ್ನು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿ ಸರಿಮಾಡಿದರು. ಹೀಗಾಗಿ ಕಾಕ್‌ಪಿಟ್ ಮುಂದಿನ ಕ್ಯಾಬೇನ್ ಸ್ಟ್ರಟ್‌ಗಳು (ಒಡಲಿನಿಂದ ಮೇಲಿನ ರೆಕ್ಕೆಯ ಮಧ್ಯಕ್ಕೆ ಏರುವ ಕಂಬಗಳು) ನೆಟ್ಟಗಿಲ್ಲ, ಮುಂದಕ್ಕೆ ವಾಲಿವೆ. ಅವನ್ನು ನೆಟ್ಟಗೆ ಅಂಟಿಸಿದರೆ ಹೊರಗಿನ ಸ್ಟ್ರಟ್‌ಗಳು ಗುಳಿಗೆ ತಲುಪುವುದಿಲ್ಲ. ಆಗ ಸ್ಟ್ರಟ್ ಗಿಡ್ಡ ಇದೆ, ಕಿಟ್ ಸರಿಯಿಲ್ಲ ಅಂತ ಬೈಯುವವರೇ ಹೆಚ್ಚು.

ಕಾರ್ಡ್‌ಬೋರ್ಡ್ ಹೊರಬರಲಿ. ಸೂಚನಾ ಹಾಳೆಯ ಪಕ್ಕನೋಟ ನಿಮ್ಮ ಅಳತೆಯಲ್ಲೇ ಇದ್ದರೆ ಕ್ಯಾಬೇನ್ ಸ್ಟ್ರಟ್‌ನ ಕೋನವನ್ನು ಅದರಿಂದ ನಕಲಿಸಿ ಒಂದು ತುಂಡು ಕತ್ತರಿಸಿ. ಎರಡೂ ರೆಕ್ಕೆಗಳ ನಡುವೆ ತುದಿಗಳಲ್ಲಿ ನಿಲ್ಲಿಸಲು ಒಂದೇ ಎತ್ತರದ ಇನ್ನೆರಡು ತುಂಡು. ಮೊದಲು ಕ್ಯಾಬೇನ್ ಸ್ಟ್ರಟ್‌ಗಳನ್ನು ನಿಧಾನ ಒಣಗುವ ಪ್ಲಾಸ್ಟಿಕ್ ಅಂಟಿನಿಂದ ಕೂರಿಸಿ. ಸೂಪರ್‌ಗ್ಲೂ ಇಲ್ಲಿ ಬೇಡ, ತಿದ್ದಲು ಸಮಯ ಕೊಡುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಅಂಟು ಹಿಡಿದಿರುತ್ತದೆ, ಆದರೆ ಇನ್ನೂ ಬಾಗುತ್ತದೆ. ಮಾದರಿಯನ್ನು ತಲೆಕೆಳಗು ಮಾಡಿ, ಮೇಜಿನ ಮೇಲೆ ಅಂಗಾತ ಮಲಗಿಸಿದ ಮೇಲಿನ ರೆಕ್ಕೆಯ ಮೇಲೆ ಇಳಿಸಿ. ಹೊರಗಿನ ನಾಲ್ಕು ಸ್ಟ್ರಟ್‌ಗಳನ್ನು ಮೇಲಿನ ರೆಕ್ಕೆಯ ಗುಳಿಯಲ್ಲಿ ಮೊದಲು ನಿಲ್ಲಿಸಿರಬೇಕು. ಒಂದೊಂದಾಗಿ ಚಿಮಟದಿಂದ ಕೆಳರೆಕ್ಕೆಯ ಗುಳಿಗೆ ಜಾರಿಸಿ. ಎಲ್ಲ ಕೂತ ಮೇಲೆ ಕಾರ್ಡ್‌ಬೋರ್ಡ್ ತುಂಡುಗಳನ್ನು ತುದಿಗೆ ಸೇರಿಸಿ, ಮುಂದಿನಿಂದ ಮತ್ತು ಮೇಲಿನಿಂದ ನೋಡಿ, ದಾರದಿಂದ ಇನ್ನೊಮ್ಮೆ ಅಳೆದು, ರಾತ್ರಿಯಿಡೀ ಮುಟ್ಟದೆ ಬಿಡಿ. ಒಂದು ಗಂಟೆಗೇ ಒಣಗಿತು ಅಂತ ಎತ್ತಿದರೆ ಬೆಳಗಿನ ಹೊತ್ತಿಗೆ ಒಂದು ಕಡೆ ಜಗ್ಗಿರುತ್ತದೆ.

ಒಂದು ಸ್ಟ್ರಟ್ ಮಾತ್ರ ಕೂರುತ್ತಿಲ್ಲವೆಂದರೆ ಅದರ ತುದಿಯ ಮೊಳೆ ಬಣ್ಣದಿಂದ ದಪ್ಪಗಾಗಿದೆಯೇ ನೋಡಿ, ಚಾಕುವಿನಿಂದ ಕೆರೆದರೆ ಸಾಕು. ನಾಲ್ಕೂ ಕೂರುತ್ತಿಲ್ಲವೆಂದರೆ ತಪ್ಪು ಕ್ಯಾಬೇನ್‌ನಲ್ಲಿದೆ. ಅಲ್ಲಿ ಬಿಡಿಸಿ ಮತ್ತೆ ಮಾಡಿ.

ತಂತಿ

ಒಳಗಿನಿಂದ ಹೊರಕ್ಕೆ ಬನ್ನಿ: ಕ್ಯಾಬೇನ್ ನಡುವಿನ ತಂತಿಗಳು, ಆಮೇಲೆ ಇಳಿಯುವ ತಂತಿ, ಆಮೇಲೆ ಹಾರುವ ತಂತಿ, ಕೊನೆಗೆ ಬಾಲದ ನಿಯಂತ್ರಣ ಕೇಬಲ್. ಈ ಕ್ರಮದಲ್ಲಿ ಹಾಕಿದ ತಂತಿಯ ಮೇಲೆ ಮತ್ತೆ ಬೆರಳು ತಾಗುವುದಿಲ್ಲ. ಎಡಕ್ಕೊಂದು ಹಾಕಿದರೆ ಬಲಕ್ಕೊಂದು ಹಾಕಿ. ಒಂದೇ ಕಡೆ ಎಲ್ಲ ಮುಗಿಸಿದರೆ ರೆಕ್ಕೆ ಆ ಕಡೆಗೆ ಎಳೆಸಿಕೊಳ್ಳುತ್ತದೆ.

ಬೇಕಾದ್ದಕ್ಕಿಂತ ಎರಡು ಸೆಂಟಿಮೀಟರ್ ಉದ್ದದ ಎಳೆ ಕತ್ತರಿಸಿ. ಸೂಪರ್‌ಗ್ಲೂವಿನ ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಹಾಕಿಕೊಂಡು, ಎಳೆಯ ತುದಿಯನ್ನು ಅದರಲ್ಲಿ ಮುಟ್ಟಿಸಿ, ಹೆಚ್ಚಾದದ್ದನ್ನು ಗಾಜಿನ ಅಂಚಿಗೆ ಒರೆಸಿ, ಚಿಮಟದಿಂದ ತೂತಿಗೆ ಇಳಿಸಿ. ಹತ್ತರ ತನಕ ಎಣಿಸಿ. ಮೆಲ್ಲನೆ ಜಗ್ಗಿ ನೋಡಿ; ಹಿಡಿದಿದ್ದರೆ ಇನ್ನೊಂದು ತುದಿಯನ್ನು ಎದುರಿನ ತೂತಿನ ತನಕ ಸಡಿಲವಾಗಿ ಹಿಡಿದು, ತೂತಿಗೆ ಸುಮಾರು ಹತ್ತನೇ ಒಂದು ಭಾಗ ಗಿಡ್ಡ ಬರುವಂತೆ ಕತ್ತರಿಸಿ. ಆ ತುದಿಗೆ ಅಂಟು ಮುಟ್ಟಿಸಿ, ಎಳೆದು, ತೂತಿಗೆ ತೂರಿಸಿ ಹಿಡಿದುಕೊಳ್ಳಿ. ಎಳೆ ಪಟ್ಟನೆ ನೆಟ್ಟಗಾಗುತ್ತದೆ.

ಲೈಕ್ರಾ ಎರಡು ಮೂರು ಪಟ್ಟು ಹಿಗ್ಗುತ್ತದೆ ಅಂತ ಅಷ್ಟೂ ಹಿಗ್ಗಿಸಬೇಡಿ. ಹಿಗ್ಗಿದಷ್ಟೂ ಎಳೆ ತೆಳುವಾಗಿ ಕಾಣದಂತಾಗುತ್ತದೆ, ಮೇಲಾಗಿ 1/72ರ ಸ್ಟ್ರಟ್ ಆ ಎಳೆತ ತಾಳುವುದಿಲ್ಲ. ಬಣ್ಣ ಕಡು ಬೂದು ಇರಲಿ. ನಿಜ ತಂತಿ ಉಕ್ಕಿನದೇ, ಆದರೆ ಬೆಳ್ಳಿ ಬಣ್ಣದ ಎಳೆ ಈ ಅಳತೆಯಲ್ಲಿ ಮದುವೆ ಚಪ್ಪರದ ಜರಿಯ ಹಾಗೆ ಮಿಂಚುತ್ತದೆ. ಅಂಟಿನ ಹೊಳಪು ಕಲೆಗಳ ಮೇಲೆ ಕೊನೆಗೆ ಮ್ಯಾಟ್ ವಾರ್ನಿಷನ್ನು ಸಣ್ಣ ಕುಂಚದಿಂದ ಮುಟ್ಟಿಸಿ.

ಲೈಕ್ರಾ ಸಿಗದಿದ್ದರೆ ಸ್ಪ್ರೂ ಎಳೆಯೇ ಗತಿ. ಸ್ಪ್ರೂ ತುಂಡನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ತಿರುಗಿಸುತ್ತಾ, ಮೆದುವಾಗಿ ಹೊಳೆಯತೊಡಗಿದಾಗ ಹೊರತೆಗೆದು, ಒಂದು ಕ್ಷಣ ತಡೆದು ಎಳೆಯಿರಿ. ಬೇಗ ಎಳೆದಷ್ಟು ತೆಳು ಎಳೆ. ಅಳತೆಗೆ ಕತ್ತರಿಸಿ ಎರಡೂ ತುದಿ ಅಂಟಿಸಿದ ಮೇಲೆ ಸಡಿಲ ಉಳಿದರೆ, ಉರಿಯುವ ಊದುಬತ್ತಿಯ ಕೆಂಡವನ್ನು 5 ಮಿಮೀ ದೂರದಲ್ಲಿ ಒಂದು ಕ್ಷಣ ಸುಳಿಸಿ, ಬಿಗಿಯಾಗುತ್ತದೆ. ತಾಗಿತೋ, ತುಂಡಾಯಿತು. ಮುಂದೆ ಧೂಳು ಒರೆಸುವಾಗಲೂ ತುಂಡಾಗುತ್ತದೆ. ಲೈಕ್ರಾ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ.

ಉಳಿದ ಸಣ್ಣಪುಟ್ಟದ್ದು

ಚಕ್ರದ ಕಾಲು ಅಂಟಿಸಿ ಮಾದರಿಯನ್ನು ಕನ್ನಡಿಯ ಮೇಲೆ ನಿಲ್ಲಿಸಿ ನೋಡಿ, ಎರಡು ಚಕ್ರ ಮತ್ತು ಸ್ಕಿಡ್ ಮೂರೂ ತಾಗಬೇಕು. ಪ್ರೊಪೆಲ್ಲರ್ ಮರದ್ದು. ಗಾಳಿವೇಗ ಅಳೆಯುವ ಪಿಟೊ ಕೊಳವೆ ರೆಕ್ಕೆಗಳ ನಡುವಿನ ಸ್ಟ್ರಟ್ ಮೇಲಿರುತ್ತದೆ; ಕೈ ತಗಲಿ ಮುರಿಯುವ ಮೊದಲ ಭಾಗ ಅದು, ಆದ್ದರಿಂದ ಕೊನೆಗೆ ಅಂಟಿಸಿ. ಎಲಿವೇಟರ್ (ಅಡ್ಡಬಾಲದ ಹಿಂಬದಿಯ ಚಲಿಸುವ ಹಲಗೆ) ಕೆಳಗೆ ಜೋತ ಹಾಗೆ ಇಟ್ಟರೆ ಪೈಲಟ್‌ನ ನಿಯಂತ್ರಣ ಕಡ್ಡಿ ಬಿಟ್ಟು ನಿಲ್ಲಿಸಿದ ವಿಮಾನದ ನೋಟ ಬರುತ್ತದೆ.

ಎರಡು ವಿಂಡ್‌ಸ್ಕ್ರೀನ್ ತಂತಿಯ ಕೆಲಸವೆಲ್ಲ ಮುಗಿದು ಒಂದು ದಿನ ಕಳೆದ ಮೇಲೆಯೇ. ಸೂಪರ್‌ಗ್ಲೂವಿನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಾಗಿ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಚೌಕಟ್ಟಿಗೆ ಬಣ್ಣ ಹಚ್ಚಿ, ಬುಡಕ್ಕೆ ಪಿವಿಎ ಅಂಟು ಸೂಜಿಯಿಂದ ಸವರಿ, ಕೂರಿಸಿ. ಹಾಲಿನ ಬಣ್ಣದ ಅಂಟು ಅರ್ಧ ಗಂಟೆಯಲ್ಲಿ ತಿಳಿಯಾಗುತ್ತದೆ. ಮ್ಯಾಟ್ ವಾರ್ನಿಷ್ ಸಿಂಪಡಿಸುವುದಿದ್ದರೆ ವಿಂಡ್‌ಸ್ಕ್ರೀನ್ ಕೂರಿಸುವ ಮೊದಲೇ ಮುಗಿಸಿರಬೇಕು.